ಮಾವನವರ ಜೋಡಿ ನಳಿಗೆ

ಮೇಡಹಳ್ಳಿ, ಕೆ.ಆರ್. ಪುರ
14 ಜುಲೈ 2025

ಪಾಷಾ ಸಾಬರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಮೇಡಹಳ್ಳಿಯ ಮುನಿರಾಜಪ್ಪನವರ ಸೊಸೆ, ಪ್ರೇಮ್‌ಕುಮಾರ್ ಅವರ ಹೆಂಡತಿ ಹಂಸ. ಮದುವೆಯಾದ ಹೊಸದರಲ್ಲಿ ಮಾವನವರ ಜೊತೆ ಶಿವಾಜಿನಗರದ ನಿಮ್ಮ ಬಂದೂಕಿನ ಅಂಗಡಿಗೆ ಒಮ್ಮೆ ಬಂದಿದ್ದೆ. ನೀವು ನನಗೆ ಹಾಲಿಲ್ಲದ ಸುಲೇಮಾನಿ ಚಹಾ ಕೊಟ್ಟು, ಅದು ಗಂಟಲಿಗಿಳಿಯದೆ ನಾನು ಪಟ್ಟ ಪಾಡು ನೋಡಿ ನಕ್ಕಿದ್ದಿರಿ. ನಂಬರ್ ಹುಡುಕಿ ಫೋನ್ ಮಾಡಿದರೆ ನಿಮ್ಮ ಮಗಳು ಸಿದ್ರಾ ತೆಗೆದುಕೊಂಡರು. "ಅಂಗಡಿ ಮುಚ್ಚಿ ಆರು ವರ್ಷ ಆಯ್ತು ಆಂಟಿ, ಅಬ್ಬಾ ಈಗ ಹರಿಹರದಲ್ಲಿ ನನ್ನ ಜೊತೆ ಇದಾರೆ. ಕಿವಿ ಪೂರ್ತಿ ಹೋಗಿದೆ. ಮೊಬೈಲ್ ಮುಟ್ಟಲ್ಲ. ಕಾಗದ ಬರೀರಿ, ಭೂತಗನ್ನಡಿ ಹಿಡ್ಕೊಂಡು ಓದ್ತಾರೆ" ಎಂದರು. ಹೈಸ್ಕೂಲು ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪಿದ್ದರೆ ಅವತ್ತಿನ ಹಾಗೆ ನಕ್ಕುಬಿಡಿ.

ವಿಷಯಕ್ಕೆ ಬರುತ್ತೇನೆ. ಮಾವನವರು ತೀರಿಕೊಂಡು ಎರಡು ವರ್ಷವಾಯಿತು. ಬದುಕಿದ್ದಾಗಲೇ ಬಂದೂಕಿನ ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಸಿದ್ದರು. ಡಬಲ್ ಬ್ಯಾರಲ್ ಬಂದೂಕು ಹಾಲಿನ ಗೋಡೆಯ ಮೇಲೆ ಅದರ ಪಾಡಿಗೆ ಇದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಇಳಿಸಿ ಕುಂಕುಮ ಇಟ್ಟು ಮತ್ತೆ ಏರಿಸುತ್ತೇವೆ.

ಹೋದ ತಿಂಗಳು ನಮ್ಮ ಹಿಂದಿನ ರಸ್ತೆಯಲ್ಲಿ ಬ್ಯಾಂಕಿನಿಂದ ರಿಟೈರಾದ ದಂಪತಿಯ ಮನೆಗೆ ಹಾಡಹಗಲೇ ಇಬ್ಬರು ನುಗ್ಗಿದರು. ಆಯಮ್ಮನನ್ನು ಕುರ್ಚಿಗೆ ಕಟ್ಟಿ, ಬಾಯಿಗೆ ಟೇಪ್ ಹಚ್ಚಿ, ಎಲ್ಲ ಬಾಚಿಕೊಂಡು ಹೋದರು. ನಾನು ಹೋಗಿ ಮಾತಾಡಿಸಿಕೊಂಡು ಬಂದೆ. ಟೇಪ್ ಕಿತ್ತ ಜಾಗದಲ್ಲಿ ತುಟಿಯ ಚರ್ಮವೇ ಇರಲಿಲ್ಲ. ಅಂದಿನಿಂದ ನನಗೆ ಮನೆಯಲ್ಲಿ ಒಬ್ಬಳೇ ಇರಲು ಭಯ. ಯಜಮಾನರು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ನಿಖಿತಾ ಕಾಲೇಜಿಗೆ ಹೋಗುತ್ತಾಳೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗಾಗಬಾರದು.

ಯಜಮಾನರು ಹಳೆಯದನ್ನು ಕೊಟ್ಟು ರಿವಾಲ್ವರ್ ತೆಗೆದುಕೊಳ್ಳೋಣ ಎನ್ನುತ್ತಾರೆ. ಅವರ ಗೆಳೆಯರಲ್ಲಿ ಒಬ್ಬ ಪಿಸ್ತೂಲ್ ಎನ್ನುತ್ತಾನೆ, ಇನ್ನೊಬ್ಬ ಹಳೆಯದೇ ವಾಸಿ, ಸದ್ದಿಗೇ ಕಳ್ಳ ಓಡುತ್ತಾನೆ ಎನ್ನುತ್ತಾನೆ. ಅವರಲ್ಲಿ ಯಾರೂ ಜೀವಮಾನದಲ್ಲಿ ಒಂದು ಕಾಗೆ ಹೊಡೆದವರಲ್ಲ. ನೀವು ಬಲ್ಲವರು. ನಾನು ಐದಡಿಯ ಹೆಂಗಸು. ಯಾವುದು ಸರಿ, ಹೇಳಿ.

ಇಂತಿ,
ಹಂಸ


ಹರಿಹರ
22 ಜುಲೈ 2025

ಹಂಸಮ್ಮನವರಿಗೆ ಅಹ್ಮದ್ ಪಾಷಾನ ಸಲಾಂ.

ನಿಮ್ಮ ಕಾಗದ ಮೂರು ಸಲ ಓದಿದೆ. ಚಹಾದ ಸಂಗತಿ ಚೆನ್ನಾಗಿ ನೆನಪಿದೆ. ನಾನು ಶಿವಾಜಿನಗರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು, ಮನೆಯ ಮಾತು ದಖ್ಖನಿ. ಆದ್ದರಿಂದ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಎತ್ತಿ ಅದರ ಜಾಗದಲ್ಲಿ ಇಟ್ಟುಕೊಳ್ಳಿ. ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿ, ಹಾರಿಸಿ ನೋಡಿ, ಕಿವಿ ಕಳೆದುಕೊಂಡೆ. ಈಗ ಮಗಳು ಬೈದರೂ ಕೇಳಿಸುವುದಿಲ್ಲ. ಅದೊಂದು ಲಾಭ.

ಮುನಿರಾಜಪ್ಪನವರು ನನಗೆ ಬರೀ ಗಿರಾಕಿಯಲ್ಲ. ಅಂಗಡಿಗೆ ಬಂದರೆ ಅವರೆಕಾಯಿ ಕಾಲದಲ್ಲಿ ಒಂದು ಚೀಲ ತರದೆ ಬಂದವರಲ್ಲ. ಅವರಿಗೆ ನನ್ನ ದುವಾ.

ಈಗ ನೀವು ಕೇಳಿದ್ದು. ರಿವಾಲ್ವರ್ ಚಿಕ್ಕದು, ನಿಜ. ಆದರೆ ಚಿಕ್ಕ ಆಯುಧಕ್ಕೆ ದೊಡ್ಡ ಅಭ್ಯಾಸ ಬೇಕು. ಕೈ ನಡುಗುವ ಹೊತ್ತಿನಲ್ಲಿ ಅದು ಎತ್ತ ಮುಖ ಮಾಡುತ್ತದೋ ದೇವರಿಗೇ ಗೊತ್ತು. ದಿಂಬಿನ ಕೆಳಗೆ, ಬೀರುವಿನಲ್ಲಿ, ಹ್ಯಾಂಡ್‌ಬ್ಯಾಗಿನಲ್ಲಿ ಎಲ್ಲಿ ಬೇಕಾದರೂ ಹೋಗುತ್ತದೆ, ಯಾರ ಕೈಗೆ ಬೇಕಾದರೂ ಸಿಗುತ್ತದೆ. ಪಿಸ್ತೂಲ್ ಇನ್ನೂ ಜಾಸ್ತಿ ತಂಟೆ. ನನ್ನ ಅಂಗಡಿಗೆ ಮನೆಕಾವಲಿಗೆಂದು ಬಂದವರಿಗೆಲ್ಲ ನಾನು ಮೊದಲು ಕೇಳುತ್ತಿದ್ದೆ: ನಿಮ್ಮ ಹಿಂಬಾಗಿಲಿನ ಚಿಲಕ ಹೇಗಿದೆ? ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಿದ್ದರು. ಅದಕ್ಕೇ ನನ್ನ ಅಂಗಡಿ ಉದ್ಧಾರವಾಗಲಿಲ್ಲ.

ನನ್ನ ಮಾತು ಕೇಳುವುದಾದರೆ ಹೊಸದು ಯಾವುದೂ ಬೇಡ. ಹಳೆಯದು ಒಳ್ಳೆಯ ಬಂದೂಕು, ಗೋಡೆಯ ಮೇಲೇ ಇರಲಿ. ಉದ್ದ ನಳಿಗೆ ಕಂಡರೆ ಸಾಕು, ಕಳ್ಳ ಹೋಗುತ್ತಾನೆ. ಹೊಡೆಯುವ ಪ್ರಮೇಯ ಬರುವುದಿಲ್ಲ. ಅದನ್ನು ಮಾರಬೇಡಿ, ಬೇರೆ ಅಂಗಡಿಯವರಿಗೆ ತೋರಿಸಲೂ ಬೇಡಿ. ಏನಾದರೂ ತೊಂದರೆ ಎನಿಸಿದರೆ ನನಗೆ ಬರೆಯಿರಿ, ನಾನೇ ಬಸ್ಸು ಹತ್ತಿ ಬರುತ್ತೇನೆ.

ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿ. ಪ್ರೇಮ್‌ಕುಮಾರ್ ಅವರದೇ ಹಾರ್ಡ್‌ವೇರ್ ಅಂಗಡಿ ಅಲ್ಲವೇ?

ಅಹ್ಮದ್ ಪಾಷಾ


ಮೇಡಹಳ್ಳಿ
3 ಆಗಸ್ಟ್ 2025

ಪಾಷಾ ಸಾಬರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಗ್ರಿಲ್ಲಿನ ಮಾತು ಬಂದಾಗ ಯಜಮಾನರ ಮುಖ ನೋಡಬೇಕಿತ್ತು. ಊರಿಗೆಲ್ಲ ಗ್ರಿಲ್ಲು, ಬೋಲ್ಟು ಮಾರುವವರ ಮನೆಯ ಹಿತ್ತಲ ಬಾಗಿಲಿಗೆ ಇಂದಿಗೂ ಮಾವನವರ ಕಾಲದ ಮರದ ಅಗುಳಿ. ನಿಖಿತಾ ಬಿದ್ದು ಬಿದ್ದು ನಕ್ಕಳು. ಯಜಮಾನರು ತಟ್ಟೆಯಿಂದ ತಲೆ ಎತ್ತದೆ, "ಆ ಸಾಬ್ರಿಗೆ ಅವ್ರು ರಿಪೇರಿ ಮಾಡಿದ್ ಬಂದೂಕು ಅಂದ್ರೆ ಮೊಮ್ಮಗು ಇದ್ದಂಗೆ, ಬಿಟ್ಕೊಡ್ತಾರಾ?" ಎಂದರು. ನನಗೂ ಹಾಗೇ ಅನ್ನಿಸಿತು. ಬೇಸರ ಮಾಡಿಕೊಳ್ಳಬೇಡಿ. ನೀವು ಬಂದೂಕನ್ನು ಹೊಗಳಿದಿರಿ, ನನ್ನ ಭಯದ ಬಗ್ಗೆ ಒಂದು ಮಾತೂ ಬರೆಯಲಿಲ್ಲ.

ಗುರುವಾರ ಇಬ್ಬರು ಗಂಡಸರು ಬಾಡಿಗೆ ಮನೆ ಕೇಳಿಕೊಂಡು ಬಂದರು. ಮೇಲಿನ ಮನೆ ಖಾಲಿ ಇರುವುದು ನಿಜವೇ. ಆದರೆ ಅವರು ಮೇಲಿನ ಮನೆ ನೋಡಿದ್ದಕ್ಕಿಂತ ನಮ್ಮ ಹಿತ್ತಲು ನೋಡಿದ್ದು ಜಾಸ್ತಿ. ಒಬ್ಬ "ನೀರು ಹೆಂಗೆ ಆಂಟಿ?" ಎನ್ನುತ್ತಲೇ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದ. ಅಡ್ವಾನ್ಸ್ ತರುತ್ತೇವೆ ಎಂದು ಹೋದವರು ಬರಲಿಲ್ಲ.

ಯಜಮಾನರಿಗೆ ಹೇಳಿದ್ದಕ್ಕೆ ಬಂದೂಕನ್ನು ಗೋಡೆಯಿಂದ ಇಳಿಸಿ, ಹಾಲಿನಿಂದ ಅಡುಗೆಮನೆಗೆ ಹೋಗುವಲ್ಲಿ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. ಹೇಗೆ ಹಿಡಿಯಬೇಕು, ಯಾವ ಬೆರಳು ಎಲ್ಲಿ ಎಂದು ತೋರಿಸಿಕೊಟ್ಟಿದ್ದಾರೆ. ಲೈಸೆನ್ಸ್ ಅವರ ಹೆಸರಿನಲ್ಲಿದೆ, ನಾನು ಮುಟ್ಟಬಾರದು ಎಂಬುದು ನನಗೂ ಗೊತ್ತು. ಕಳ್ಳ ಬಂದು ಲೈಸೆನ್ಸ್ ಕೇಳುವುದಿಲ್ಲವಲ್ಲ! ಅದರ ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಮಾತ್ರ ಕೇಳಬೇಡಿ. ನಾನು ಹೇಳುವುದಿಲ್ಲ, ನೀವು ಬೈಯುವುದೂ ಬೇಡ.

ರಿವಾಲ್ವರ್ ವಿಷಯ ಹಬ್ಬ ಕಳೆದ ಮೇಲೆ ನೋಡೋಣ ಎಂದಿದ್ದಾರೆ.

ಹಂಸ


ಹರಿಹರ
11 ಆಗಸ್ಟ್ 2025

ಹಂಸಮ್ಮ,

ಬೈಯುತ್ತೇನೆ. ತಂದೆಯ ವಯಸ್ಸಿನವನು, ಬೈಯಲು ಹಕ್ಕಿದೆ.

ಅದರ ಹೊಟ್ಟೆಯಲ್ಲಿ ಏನೇ ಇದ್ದರೂ ಇವತ್ತೇ ತೆಗೆಸಿ. ಕಾಡತೂಸು ಬೇರೆ ಕಡೆ, ಬಂದೂಕು ಬೇರೆ ಕಡೆ, ಎರಡಕ್ಕೂ ಬೀಗ, ಎರಡು ಬೀಗದ ಕೈಯೂ ಪ್ರೇಮ್‌ಕುಮಾರ್ ಹತ್ತಿರ. ಬಾಗಿಲ ಹಿಂದೆ ಬಂದೂಕು ನಿಲ್ಲಿಸುವುದು ಪೊರಕೆ ನಿಲ್ಲಿಸಿದ ಹಾಗಲ್ಲ. ನೀವು ಅದನ್ನು ನಂಬಿಕೊಂಡು ಧೈರ್ಯವಾಗಿದ್ದೇನೆ ಎಂದುಕೊಳ್ಳಬೇಡಿ. ಆ ಇಬ್ಬರು ಮತ್ತೆ ಬಂದರೆ ಬಾಗಿಲು ಹಾಕಿಕೊಂಡು ಕೂಗಿ, 112ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಕರೆಯಿರಿ. ಬಂದೂಕಿನ ಕಡೆ ಕೈ ಹೋಗಬಾರದು.

ನಿಮ್ಮ ಭಯದ ಬಗ್ಗೆ ಬರೆಯಲಿಲ್ಲ ಎಂದಿರಿ. ನಿಜ. ಬರೆಯಲು ಹೋದರೆ ಬೇರೆ ಏನೋ ಬಾಯಿಬಿಡಬೇಕಾಗುತ್ತದೆ ಎಂದು ಬರೆಯಲಿಲ್ಲ. ನಿಮಗೆ ಒಂದು ವಿಷಯ ಹೇಳುವುದಿದೆ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ. ದಸರಾ ರಜೆಗೆ ಸಿದ್ರಾ ಬೆಂಗಳೂರಿಗೆ ಕರೆದುಕೊಂಡು ಬರುತ್ತಾಳೆ, ಆಗ ಎದುರಿಗೇ ಕೂತು ಹೇಳುತ್ತೇನೆ. ಅಲ್ಲಿಯವರೆಗೆ ಈ ಮುದುಕನ ಮಾತು ನಡೆಸಿಕೊಡಿ.

ಗ್ರಿಲ್ ಹಾಕಿಸಿದಿರಾ?

ಪಾಷಾ


ಮೇಡಹಳ್ಳಿ
28 ಆಗಸ್ಟ್ 2025

ಪಾಷಾ ಸಾಬ್ರೆ,

ಸೋಮವಾರ, ಗೌರಿ ಹಬ್ಬದ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆಗೆ ನಾನು ನನ್ನ ಮಗಳಿಗೆ ಗುರಿಯಿಟ್ಟು ಟ್ರಿಗರ್ ಎಳೆದೆ. ಅವಳಿಗೆ ಏನೂ ಆಗಿಲ್ಲ. ಈ ಎರಡನೆಯ ವಾಕ್ಯವನ್ನು ಬರೆದು ನಾಲ್ಕು ಸಲ ಓದಿಕೊಂಡೆ.

ಯಾರಿಗೂ ಹೇಳಿಲ್ಲ. ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ದೂರ ಇದ್ದೀರಿ.

ಕರೆಂಟ್ ಇರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರ್ ಗುಂಯ್ ಎನ್ನುತ್ತಿತ್ತು. ಮುಂಬಾಗಿಲು ಭದ್ರ ಮಾಡಿಕೊಂಡು ನಾನು ಹಾಲಿನಲ್ಲಿ ಕೂತು ಬಾಗಿನದ ಮೊರಗಳಿಗೆ ಬಳೆ, ಅರಿಶಿನ, ಬೇಳೆ ತುಂಬುತ್ತಿದ್ದೆ. ಹಿತ್ತಲ ಬಾಗಿಲು ತಳ್ಳಿದ ಹಾಗಾಯಿತು. ಅಗುಳಿ ಹಾಕಿರಲಿಲ್ಲ, ಬಟ್ಟೆ ಒಣಹಾಕಿ ಬಂದವಳು ಮರೆತಿದ್ದೆ. ಅಡುಗೆಮನೆಯಲ್ಲಿ ಬೂಟಿನ ಸಪ್ಪಳ. ನಿಖಿತಾ ಸಂಜೆ ಆರಕ್ಕೆ ಬರುತ್ತೇನೆಂದು ಹೇಳಿ ಹೋಗಿದ್ದಳು. ನನ್ನ ತಲೆಯಲ್ಲಿ ಆ ಹಿಂದಿನ ರಸ್ತೆಯ ಆಯಮ್ಮನ ತುಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಬಂದೂಕು ಕೈಗೆ ಹೇಗೆ ಬಂತೋ ಗೊತ್ತಿಲ್ಲ.

ಫ್ರಿಜ್ಜಿನ ಮುಂದೆ ಒಬ್ಬ ಬೆನ್ನು ಮಾಡಿ ನಿಂತಿದ್ದ. ತಲೆಗೆ ಹೆಲ್ಮೆಟ್, ಕುತ್ತಿಗೆಯಿಂದ ಮೂಗಿನವರೆಗೆ ಕಪ್ಪು ಬಟ್ಟೆ, ಮೈಮೇಲೆ ಜಾಕೆಟ್. ನಾನು ಕೂಗಲಿಲ್ಲ. ಯಾರು ಎಂದೂ ಕೇಳಲಿಲ್ಲ. ಬೆನ್ನಿನ ನಡುಮಧ್ಯಕ್ಕೆ ಹಿಡಿದು ಎಳೆದೆ. ಟಕ್ ಎಂದಿತು, ಅಷ್ಟೇ.

ಅವನು ತಿರುಗಿ ಹೆಲ್ಮೆಟ್ ತೆಗೆದ. ನಿಖಿತಾ. ಸ್ಕೂಟರ್ ಹುಡುಗಿಯರು ಧೂಳಿಗೆ ದುಪಟ್ಟಾ ಸುತ್ತಿಕೊಳ್ಳುತ್ತಾರಲ್ಲ, ಅದು. ಆ ದುಪಟ್ಟಾ ನಾನೇ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಡಿಸಿದ್ದು. ಕಾಲೇಜು ಬೇಗ ಬಿಟ್ಟಿದೆ, ಕರೆಂಟ್ ಇಲ್ಲದೆ ಬೆಲ್ ಆಗಿಲ್ಲ, ಬಾಗಿಲು ಬಡಿದದ್ದು ಜನರೇಟರ್ ಸದ್ದಿನಲ್ಲಿ ನನಗೆ ಕೇಳಿಸಿಲ್ಲ, ಹಿಂದಿನಿಂದ ಬಂದಿದ್ದಾಳೆ. ನನ್ನ ಕೈಯಲ್ಲಿದ್ದುದನ್ನು ನೋಡಿ, "ಏನಮ್ಮ, ಹಬ್ಬಕ್ಕೆ ಇದನ್ನೂ ಒರೆಸ್ತಿದೀಯಾ?" ಎಂದು ನಕ್ಕಳು. ನಾನು "ಹೂಂ ಕಣೆ, ಧೂಳು ಹಿಡ್ದಿತ್ತು" ಎಂದೆ. ಅವಳು ನೀರಿನ ಬಾಟಲಿ ತೆಗೆದುಕೊಂಡು ರೂಮಿಗೆ ಹೋದಳು. ಅವಳಿಗೆ ಗೊತ್ತಾಗಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಮರುದಿನ ಗೌರಿಯ ಮುಂದೆ ಅವಳು ದಾರ ಕಟ್ಟಿಸಿಕೊಳ್ಳಲು ಕೈ ಚಾಚಿದಳು. ನನಗೆ ಗಂಟು ಹಾಕಲು ಬರಲಿಲ್ಲ.

ಬಂದೂಕಿನಲ್ಲಿ ಕಾಡತೂಸು ಇತ್ತು, ಪಾಷಾ ಸಾಬ್ರೆ. ಎರಡೂ ನಳಿಗೆಯಲ್ಲಿ. ಯಜಮಾನರು ಹಾಕಿಟ್ಟು, "ಯಾರಾದ್ರೂ ಒಳಗ್ ನುಗ್ಗಿದ್ರೆ ಕೇಳ್ತಾ ಕೂರ್ಬೇಡ, ಹೊಡಿ" ಎಂದಿದ್ದರು. ಅದನ್ನೇ ನಿಮಗೆ ಮುಚ್ಚಿಟ್ಟಿದ್ದೆ. ಈಗ ಅವನ್ನು ತೆಗೆದು ರಾಗಿ ಡಬ್ಬದೊಳಗೆ ಹುಗಿದಿದ್ದೇನೆ.

ಅದು ಯಾಕೆ ಹಾರಲಿಲ್ಲ? ದೇವರು ಕಾಪಾಡಿದ ಎಂದು ಬರೆಯಬೇಡಿ. ನನಗೆ ಕಾರಣ ಬೇಕು.

ಹಂಸ


ಹರಿಹರ
4 ಸೆಪ್ಟೆಂಬರ್ 2025

ಬೇಟಿ,

ನಿಮ್ಮ ಕಾಗದ ಓದಿ ಕೂತವನಿಗೆ ಏಳಲಾಗಲಿಲ್ಲ. ಸಿದ್ರಾ ಬಿ.ಪಿ. ಇರಬೇಕೆಂದು ಡಾಕ್ಟರನ್ನು ಕರೆಸಿದಳು. ಆತ ನಾಲಿಗೆ ಚಾಚಿ ಎಂದು ಸನ್ನೆ ಮಾಡಿದ, ಚಾಚಿದೆ. ಚಾಚಿದ ನಾಲಿಗೆಯಲ್ಲಿ ಇಪ್ಪತ್ತೆರಡು ವರ್ಷದ ಸುಳ್ಳಿತ್ತು, ಅವನಿಗೇನು ಕಾಣುತ್ತದೆ.

ಕಾರಣ ನಾನು. ಆ ಬಂದೂಕಿನ ಪಿನ್ನುಗಳ ಮೊನೆಯನ್ನು ನಾನು ಅರೆದಿದ್ದೇನೆ. ಟ್ರಿಗರ್ ಎಳೆದರೆ ಒಳಗಿನ ಪಿನ್ನು ಬಂದು ಕಾಡತೂಸಿನ ಬೆನ್ನಿಗೆ ಗುದ್ದಬೇಕು, ಆಗ ಅದು ಸಿಡಿಯುತ್ತದೆ. ನಿಮ್ಮ ಮನೆಯ ಬಂದೂಕಿನಲ್ಲಿ ಪಿನ್ನು ಬರುತ್ತದೆ, ಮುಟ್ಟುವುದಿಲ್ಲ. ಅರ್ಧ ಸಾಸಿವೆಯಷ್ಟು ಗಿಡ್ಡ. ಸದ್ದು ಹಾಗೇ ಬರುತ್ತದೆ, ನೋಡಿದವರಿಗೆ ತಿಳಿಯುವುದಿಲ್ಲ.

ಅರೆಯಿಸಿದ್ದು ನಿಮ್ಮ ಅತ್ತೆ ಪಟಾಲಮ್ಮನವರು. 2003ರಲ್ಲಿ, ಆಯುಧಪೂಜೆಗೆ ಒಂದು ವಾರ ಇತ್ತು. ಆ ವಾರದಲ್ಲಿ ಗಂಡಸರು ಟ್ರ್ಯಾಕ್ಟರು, ಲಾರಿ ತೊಳೆಯುವುದರಲ್ಲಿ ಇರುತ್ತಿದ್ದರು. ಬಂದೂಕಿಗೆ ಎಣ್ಣೆ ಹಾಕಿಸುವುದಕ್ಕೆ ಒಂದೊಂದು ಮನೆಯಲ್ಲಿ ಆಳಿನ ಜೊತೆ ಹೆಂಗಸರನ್ನು ಆಟೋದಲ್ಲಿ ಕಳಿಸುವ ರೂಢಿ ಇತ್ತು. ಕಾನೂನಿಗೆ ಅದು ಒಪ್ಪುವ ಮಾತಲ್ಲ, ಆಗ ಯಾರೂ ಕೇಳುತ್ತಿರಲಿಲ್ಲ. ಪಟಾಲಮ್ಮ ಹಳೇ ಸೀರೆಯಲ್ಲಿ ಸುತ್ತಿದ ಬಂದೂಕನ್ನು ಮೇಜಿನ ಮೇಲಿಟ್ಟು ಆಳನ್ನು ಹೊರಗೆ ಕಳಿಸಿದರು. "ಎಣ್ಣೆ ಬ್ಯಾಡ ಸಾಬ್ರೆ. ಇದ್ರ ಜೀವ ತೆಗೆದ್ಬಿಡಿ" ಎಂದರು.

ಆಮೇಲೆ ಅಂಗೈ ತೋರಿಸಿದರು. ಸುಟ್ಟು ಬೊಬ್ಬೆ ಎದ್ದಿತ್ತು. ಮಗ ಪ್ರೇಮ್‌ಕುಮಾರ್ ಮರ್ಫಿ ಟೌನಿನ ಒಂದು ಹುಡುಗಿಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದನಂತೆ. ಮುನಿರಾಜಪ್ಪನವರು ಕುಡಿದಿದ್ದರು. ಬಂದೂಕು ಇಳಿಸಿ ಮಗನ ಎದೆಗೆ ಹಿಡಿದರು. ತಾಯಿ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತುವಷ್ಟರಲ್ಲಿ ಗುಂಡು ಹಾರಿತು. ಹೆಂಚು ಒಡೆದು ಹೋಯಿತು, ನಳಿಗೆಯ ಬಾಯಿಯ ಬೆಂಕಿ ಅವರ ಅಂಗೈಗೆ ತಾಗಿತು.

"ಮಾರಿಸಿಬಿಡಿ ಅಮ್ಮ" ಎಂದೆ. "ಮಾರಿದ್ರೆ ಇನ್ನೊಂದ್ ತರ್ತಾರೆ. ಮನೇಲಿ ಬಂದೂಕ್ ಐತೆ ಅನ್ನೋ ಜಂಬಕ್ಕೆ ಇದು ಇರ್ಲಿ. ಆದ್ರೆ ಸತ್ತಿರ್ಲಿ" ಎಂದರು. ನಾನು ಅರೆದೆ. ಎರಡು ವರ್ಷದ ಮೇಲೆ ಮುನಿರಾಜಪ್ಪನವರು ಪೂಜೆಯ ದಿನ ಗಾಳಿಯಲ್ಲಿ ಹಾರಿಸಲು ಹೋಗಿ ಆಗದೆ ನನ್ನ ಹತ್ತಿರ ತಂದರು. "ಕಾಡತೂಸಿಗೆ ತೇವ ಹತ್ತಿದೆ ಯಜಮಾನ್ರೆ" ಎಂದೆ. ಅಷ್ಟರಲ್ಲಿ ನಿಮ್ಮ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಹಾರಿಸುವುದೇ ನಿಂತುಹೋಯಿತು. ನಾನು ಬದುಕಿಕೊಂಡೆ.

ಇದನ್ನು ನಿಮಗೆ ಜುಲೈನಲ್ಲೇ ಹೇಳಬೇಕಿತ್ತು. ಹೇಳಿದರೆ ಪ್ರೇಮ್‌ಕುಮಾರ್ ಜೀವ ಇರುವುದನ್ನು ತರುತ್ತಾರೆ ಎಂದು ಹೇಳಲಿಲ್ಲ. ಪೊಲೀಸರ ಹೆದರಿಕೆಯೂ ಇತ್ತು. ಅವತ್ತು ನಿಜವಾಗಿ ಆ ಇಬ್ಬರೇ ಒಳಗೆ ಬಂದಿದ್ದರೆ? ನೀವು ಸತ್ತ ಬಂದೂಕು ಹಿಡಿದು ಅವರ ಎದುರು ನಿಂತಿರುತ್ತಿದ್ದಿರಿ. ಅದರ ಪಾಪ ನನಗೆ. ನಾನು ಒಂದು ಮನೆಗೆ ಎರಡು ಸಲ ಒಳ್ಳೆಯದು ಮಾಡಿದೆನೋ, ಒಂದು ಸಲ ಮೋಸ ಮಾಡಿದೆನೋ, ನನಗೇ ತಿಳಿಯುತ್ತಿಲ್ಲ.

ಪಟಾಲಮ್ಮ ಒಬ್ಬರೇ ಅಲ್ಲ. ಇನ್ನೂ ಮೂರು ಮನೆಯ ಹೆಂಗಸರು ಹಾಗೆ ಬಂದಿದ್ದರು. ಆ ಮೂರು ಬಂದೂಕುಗಳು ಎಲ್ಲಿ, ಯಾರ ಬಾಗಿಲ ಹಿಂದೆ ಇವೆಯೋ.

ಪಾಷಾ


ಮೇಡಹಳ್ಳಿ
12 ಸೆಪ್ಟೆಂಬರ್ 2025

ಪಾಷಾ ಸಾಬರಿಗೆ,

ನಿಮ್ಮನ್ನು ಬೈಯಲೋ, ನಿಮ್ಮ ಕಾಲಿಗೆ ಬೀಳಲೋ ತಿಳಿಯದೆ ನಾಲ್ಕೈದು ದಿನ ಸುಮ್ಮನಿದ್ದೆ. "ಒಳ್ಳೆಯ ಬಂದೂಕು" ಎಂದು ಬರೆದಿರಲ್ಲ, ಆ ಸಾಲಿಗೆ ಬೈಯುತ್ತೇನೆ. ಎಷ್ಟು ಸಲೀಸಾಗಿ ಬರೆದಿರಿ!

ಆ ಮರ್ಫಿ ಟೌನಿನ ಹುಡುಗಿ ನಾನೇ. ನಿಮಗೆ ಗೊತ್ತಿದ್ದೇ ಬರೆದಿದ್ದೀರಿ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಈ ಮಾತನ್ನು ಗಂಡ ಹೇಳಿಲ್ಲ, ಮಾವ ಹೇಳಿಲ್ಲ. ಅತ್ತೆಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದೇ ನಾನು ನಂಬಿದ್ದೆ. ಒಂದು ದಿನ ನಗುತ್ತಾ ಮಾತಾಡಿಸಿದವರಲ್ಲ. ಅಂಗೈಯಲ್ಲಿ ಕಲೆ ಇತ್ತು. ಹೋಳಿಗೆ ಹೆಂಚು ತಗುಲಿದ್ದು ಎಂದಿದ್ದರು. ಅವರು ಹೋದಾಗ ನಾನು ನೆಂಟರ ಕಣ್ಣಿಗೆ ಅತ್ತಿದ್ದೆ ಅಷ್ಟೇ. ಈಗ ಒಲೆ ಮುಂದೆ ನಿಂತು ಅಳುತ್ತಿದ್ದೇನೆ, ಯಾರಾದರೂ ಕೇಳಿದರೆ ಈರುಳ್ಳಿ ಎನ್ನುತ್ತೇನೆ.

ಈಗ ಇಲ್ಲಿ ಆಗಿರುವುದು ಕೇಳಿ. ಯಜಮಾನರು ಮೊನ್ನೆ ಬಂದೂಕನ್ನು ಒಬ್ಬ ಡೀಲರ್ ಹತ್ತಿರ ಬೆಲೆ ಕಟ್ಟಿಸಲು ತೆಗೆದುಕೊಂಡು ಹೋದರು. ಅವನು ಬಿಚ್ಚಿ ನೋಡಿ, ಪಿನ್ನು ಅರೆದಿದ್ದಾರೆ ಎಂದು ತೋರಿಸಿದ. ಮನೆಗೆ ಬಂದವರು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. "ಇಷ್ಟ್ ವರ್ಷ ಕಟ್ಟಿಗೇಗೆ ಕುಂಕುಮ ಇಟ್ವಾ? ನೀನು ಒಬ್ಳೇ ಇದ್ದಾಗ ಯಾವನಾದ್ರೂ ಬಂದಿದ್ರೆ ಏನ್ ಗತಿ ಹಂಸ? ಆ ಪಾಷಾ ಕೈಕೆಲ್ಸ ಇದು. ಬಿಡಲ್ಲ ಅವನ್ನ." ನಿಮ್ಮ ಮೇಲೆ ದೂರು ಕೊಡುತ್ತಾರಂತೆ. ರಿವಾಲ್ವರಿಗೆ ಅರ್ಜಿಯನ್ನೂ ಹಾಕಿಬಿಟ್ಟಿದ್ದಾರೆ. ಠಾಣೆಯಿಂದ ವಿಚಾರಣೆಗೆ ಬರುತ್ತಾರೆ.

ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಕಟ್ಟಿಗೆಯಾಗಿರದಿದ್ದರೆ ನಿಮ್ಮ ಮಗಳು ಇರುತ್ತಿರಲಿಲ್ಲ ಎನ್ನುವ ಒಂದು ಮಾತು ಬಾಯಿಗೆ ಬಂದು ವಾಪಸ್ ಹೋಯಿತು. ಹೇಳಿದ ಮೇಲೆ ಅವರು ನನ್ನನ್ನು ಹೇಗೆ ನೋಡುತ್ತಾರೆ? ನಿಖಿತಾ ಹೇಗೆ ನೋಡುತ್ತಾಳೆ? ಅವಳಿಗೆ ಗೊತ್ತೇ ಇಲ್ಲ. ಅವಳು ಆರಾಮಾಗಿ ಓಡಾಡಿಕೊಂಡಿದ್ದಾಳೆ, ಕೆಡಿಸುವುದು ಯಾಕೆ? ನಾನೇ ರಿವಾಲ್ವರ್ ಮುಟ್ಟದೆ ಇದ್ದರಾಯಿತು ಎಂದುಕೊಳ್ಳುತ್ತೇನೆ. ಆದರೆ ನನ್ನ ಕೈ ನನ್ನನ್ನು ಕೇಳಿ ಆ ಬಂದೂಕು ಎತ್ತಿರಲಿಲ್ಲವಲ್ಲ.

ಹಂಸ


ಹರಿಹರ
19 ಸೆಪ್ಟೆಂಬರ್ 2025

ಬೇಟಿ,

ಅರೆದದ್ದು ನಾನೇ ಎಂದು ಹೇಳಿಬಿಡಿ. ದೂರು ಕೊಡಲಿ. ಎಪ್ಪತ್ತಾರು ವರ್ಷದ ಕಿವುಡನನ್ನು ಎಷ್ಟು ಕೂಗಿ ವಿಚಾರಣೆ ಮಾಡುತ್ತಾರೋ ನೋಡೋಣ. ನನ್ನನ್ನು ಉಳಿಸಲು ನೀವು ಬಾಯಿ ಮುಚ್ಚಿಕೊಂಡಿದ್ದರೆ, ಬೇಡ.

ಮಗಳಿಗೆ ಗೊತ್ತಿಲ್ಲ ಎಂದು ಎರಡು ಕಾಗದದಲ್ಲೂ ಬರೆದಿದ್ದೀರಿ. ಅವಳನ್ನು ಕೇಳಿದ್ದೀರಾ?

ಹೊಸದು ಆ ಮನೆಯ ಹೊಸಿಲು ದಾಟುವ ಮೊದಲು ಹೇಳಿ. ಪಟಾಲಮ್ಮನವರು ಗಂಡನಿಗೆ ಹೇಳಲಾರದೆ ನನ್ನ ಹತ್ತಿರ ಬಂದರು, ಆಗ ನನ್ನ ಅಂಗಡಿ ಇತ್ತು. ಈಗ ಇಲ್ಲ. ಅರೆಯುವವರು ಯಾರೂ ಇಲ್ಲ, ನೀವೇ ಮಾತಾಡಬೇಕು.

ನಿನ್ನೆ ಅಂಗಡಿಯ ಹಳೇ ರಿಜಿಸ್ಟರಿನಲ್ಲಿ ವಿಳಾಸ ಹುಡುಕಿ ಆ ಮೂರು ಮನೆಗಳಿಗೆ ಕಾಗದ ಬರೆದು ಅಂಚೆಗೆ ಹಾಕಿದೆ.

ಪಾಷಾ


ಮೇಡಹಳ್ಳಿ
6 ಅಕ್ಟೋಬರ್ 2025

ಪಾಷಾ ಸಾಬರಿಗೆ ನಮಸ್ಕಾರ.

ಶನಿವಾರ ಬೆಳಿಗ್ಗೆ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಕೆಂಪರಾಜ್ ಎನ್ನುವವರು ಬಂದರು. ಒಳ್ಳೆಯ ಮನುಷ್ಯ, ಬೂಟು ಹೊರಗೆ ಬಿಟ್ಟು ಬಂದರು. ಯಜಮಾನರು ಅಂಗಡಿಗೆ ಹೋಗದೆ ಇಸ್ತ್ರಿ ಶರ್ಟು ಹಾಕಿ ಕಾದಿದ್ದರು. ಕೆಂಪರಾಜ್ ಕಾಗದಗಳನ್ನು ನೋಡಿ, ಹಿಂದಿನ ರಸ್ತೆಯ ಕಳ್ಳತನದ ಬಗ್ಗೆ ಕೇಳಿ ಎಲ್ಲ ಬರೆದುಕೊಂಡರು. ಕೊನೆಗೆ ನನ್ನ ಕಡೆ ತಿರುಗಿ, "ಮೇಡಂ, ಮನೆಯವ್ರಿಗೆ ಏನಾದ್ರೂ ಅಭ್ಯಂತರ ಇದ್ರೆ ಈಗ್ಲೇ ಹೇಳ್ಬಿಡಿ. ಫೈಲ್ ಮೇಲಕ್ ಹೋದ್ಮೇಲೆ ನನ್ ಕೈಲಿಲ್ಲ" ಎಂದರು. ವಾಡಿಕೆಯ ಮಾತು. ಪೆನ್ನಿನ ಟೋಪಿಯನ್ನೂ ಹಾಕಿಯಾಗಿತ್ತು.

"ಇದೆ ಸಾರ್" ಎಂದೆ.

ಯಜಮಾನರು ನಕ್ಕರು. "ಹಂಸ, ಸಾರ್‌ಗೆ ಕಾಫಿ ತಗೊಂಬಾ ಹೋಗು."

"ಕಾಫಿ ಆಮೇಲೆ. ಸಾರ್, ಗೌರಿ ಹಬ್ಬದ್ ಹಿಂದಿನ್ ದಿನ ನಾನು ಇಲ್ಲೇ, ಈ ಬಾಗಿಲ್ ಹತ್ರ ನಿಂತ್ಕೊಂಡು ನನ್ ಮಗಳ ಮೇಲೆ ಬಂದೂಕು ಎತ್ತಿದೀನಿ. ಹೆಲ್ಮೆಟ್ ಹಾಕಿದ್ಲು, ಕಳ್ಳ ಅನ್ಕೊಂಡೆ. ಒಂದ್ಸಲ ಟ್ರಿಗರ್ ಎಳ್ದೆ. ಪಿನ್ ಅರೆದಿತ್ತು, ಅದಕ್ಕೇ ಅವಳು ಬದುಕಿದಾಳೆ. ಕೇಸ್ ಹಾಕೋದಾದ್ರೆ ನನ್ ಮೇಲೆ ಹಾಕಿ. ಆದ್ರೆ ಈ ಮನೆಗೆ ಇನ್ನೊಂದು ಕೊಡ್ಬೇಡಿ."

ಯಜಮಾನರ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಇಳಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಆಗ ಮೆಟ್ಟಿಲ ಮೇಲಿಂದ ನಿಖಿತಾಳ ದನಿ ಬಂತು. ಅವಳು ಅಲ್ಲಿ ಯಾವಾಗ ಬಂದು ಕೂತಿದ್ದಳೋ.

"ಒಂದ್ಸಲ ಅಲ್ಲಮ್ಮ. ಎರಡ್ ಸಲ."

ನಾನು ಅವಳನ್ನು ನೋಡಿದೆ.

"ಮೊದಲ್ನೇದು ನಾನು ತಿರುಗೋಕ್ ಮುಂಚೆ. ಎರಡ್ನೇದು, ನಾನು ಅಮ್ಮಾ ಅಂದ್ಮೇಲೆ."

ಪಾಷಾ ಸಾಬ್ರೆ, ಅವಳು ಹೇಳಿದ್ದು ನಿಜ. ನಿಮಗೆ ಬರೆದದ್ದು ಸುಳ್ಳು. ಇಯರ್‌ಫೋನ್ ಇತ್ತು ಎಂದದ್ದೂ ಸುಳ್ಳು. ಮೊದಲ ಸಲ ಟಕ್ ಎಂದಾಗ ಅವಳು ತಿರುಗಿದಳು, ದುಪಟ್ಟಾದ ಒಳಗಿಂದ ಅಮ್ಮಾ ಎಂದಳು. ನನಗೆ ಕೇಳಿಸಿತು. ಕೇಳಿಸಿದ ಮೇಲೂ ಬೆರಳು ಎರಡನೆಯ ನಳಿಗೆಯ ಟ್ರಿಗರಿಗೆ ಹೋಯಿತು. ಎಳೆದದ್ದು ನಾನೇ. ನಿಮಗೆ ಬರೆಯುವಾಗಲೂ, ನನ್ನಷ್ಟಕ್ಕೆ ನೆನೆಯುವಾಗಲೂ ಆ ಎರಡನೆಯದನ್ನು ಬಿಟ್ಟುಬಿಟ್ಟಿದ್ದೆ.

ಕೆಂಪರಾಜ್ ಪುಸ್ತಕ ಮುಚ್ಚಿದರು. "ಇದನ್ನ ನಾನ್ ಬರ್ಕೊಂಡ್ರೆ ಬೇರೆ ಆಗುತ್ತೆ. ಬರ್ಕೊಳಲ್ಲ. ಮನೆಯವ್ರಿಗೆ ಅಭ್ಯಂತರ ಅಂತ ಅಷ್ಟೇ ಹಾಕ್ತೀನಿ" ಎಂದು ಯಜಮಾನರ ಕಡೆ ನೋಡಿದರು. ಯಜಮಾನರು ಸೋಫಾದ ಅಂಚಿನಲ್ಲಿ ಕೂತು ಶರ್ಟಿನ ಎದೆಯ ಹತ್ತಿರ ಕೈ ಇಟ್ಟುಕೊಂಡಿದ್ದರು. ಅವರ ಅಪ್ಪ ನಳಿಗೆ ಹಿಡಿದಿದ್ದ ಜಾಗ ಅದೇ ಇರಬೇಕು. "ಅರ್ಜಿ ವಾಪಸ್ ತಗೋತೀನಿ ಸಾರ್. ಹಳೇದನ್ನೂ ಠಾಣೆಗೆ ತಂದ್ಕೊಡ್ತೀನಿ" ಎಂದರು. ಸೋಮವಾರ, ಅಂದರೆ ಇವತ್ತು, ಕೊಟ್ಟು ಬಂದಿದ್ದಾರೆ. ನಿಮ್ಮ ಮೇಲಿನ ದೂರಿನ ಮಾತು ಮತ್ತೆ ಬಂದಿಲ್ಲ. ಅತ್ತೆಯ ಅಂಗೈ ವಿಷಯ ಕೇಳಿದೆ. ಹೌದೆಂದು ತಲೆ ಆಡಿಸಿದರು.

ಅವತ್ತು ಸಂಜೆ ನಿಖಿತಾಳ ಪಕ್ಕ ಹೋಗಿ ಕೂತೆ. ಗೊತ್ತಿದ್ದೂ ಆರು ವಾರ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ ಎಂದಳು. ಹಾಗಾದರೆ ಅವತ್ತು ಹೆಲ್ಮೆಟ್ ತೆಗೆದು, ಹಬ್ಬಕ್ಕೆ ಒರೆಸ್ತಿದೀಯಾ ಎಂದು ನಕ್ಕೆಯಲ್ಲ, ಹೇಗೆ ನಗು ಬಂತೇ ನಿನಗೆ ಎಂದೆ.

"ನಗು ಬರ್ಲಿಲ್ಲಮ್ಮ. ನೀನು ಮೂರನೇ ಸಲ ಎಳೀಬಾರ್ದು ಅಂತ ನಕ್ಕೆ."

ಹಂಸ